ಟ್ರೇಲರಿನ ಹಿಂದೆ ಯಾವಗಲ್ಲಿನ ಹೊಲ

ಆ ಸಂಜೆ ಯಾವಗಲ್ಲು ಎಂಬ ಊರಿನ ಹೊಲದ ಬದುವಿನ ಮೇಲೆ ನಿಂತು ನಾನು ನೇರಳೆ ಬಣ್ಣ ನೋಡಿದೆನೋ ಇಲ್ಲವೋ, ಈಗ ಖಾತ್ರಿಯಾಗಿ ಹೇಳಲಾರೆ. "ಹೌದು, ಕಾಣತೈತಿ" ಎಂದು ಹೇಳಿದ್ದಂತೂ ಹೌದು. ಹೇಳಿದ್ದನ್ನು ಕೇಳಿದವರಿದ್ದಾರೆ. ನೋಡಿದ್ದಕ್ಕೆ ಮಾತ್ರ ಯಾರೂ ಇಲ್ಲ. ಆ ದಿನ ಮಳೆ ಬಂದಿತ್ತೆಂದು ನನ್ನ ಹೆಂಡತಿ ಸಾಧಿಸುತ್ತಾಳೆ, ಯಾಕೆಂದರೆ ನನ್ನ ಪ್ಯಾಂಟಿನ ಕೆಸರು ತೊಳೆದವಳು ಅವಳು. ಆ ಕೆಸರು ಹಳ್ಳ ದಾಟುವಾಗ ಹತ್ತಿದ್ದೆಂದು ನನ್ನ ವಾದ. ನನ್ನ ನೆನಪಿನಲ್ಲಿ ಆಕಾಶ ಆಗಷ್ಟೇ ಒರೆಸಿಟ್ಟ ಗಾಜಿನ ಹಾಗಿದೆ. ಆದರೆ ನನ್ನ ನೆನಪಿನಲ್ಲಿ ಎಲ್ಲ ಸಂಜೆಗಳ ಆಕಾಶವೂ ಹಾಗೇ ಇದೆ, ಅದಕ್ಕೇ ಅನುಮಾನ.

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ರೋಣದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಒಬ್ಬನೇ ಸಾಕ್ಷಿಯ ಮಾತು ನಂಬಬೇಡಿ ಎಂದು ಪ್ರತಿವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಈ ಪ್ರಸಂಗದಲ್ಲಿ ಆ ಒಬ್ಬನೇ ಸಾಕ್ಷಿ ನಾನಾಗಿಬಿಟ್ಟೆ.

ಒಂದು ಕಡೆ ಕೂಡುವ ಜಾಯಮಾನ ನನ್ನದಲ್ಲ. ಹಾರ್ಮೋನಿಯಂ ಕಲಿಯಲು ಹೋಗಿ ಬಿಟ್ಟೆ. ಜೇನುಪೆಟ್ಟಿಗೆ ತಂದು, ಮುಖ ಊದಿಸಿಕೊಂಡು, ಅದನ್ನೂ ಬಿಟ್ಟೆ. ಆಮೇಲೆ ಜಲವರ್ಣ ಹಿಡಿಯಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ನರಗುಂದದ ಗುಡ್ಡ ಬರೆದೆ. ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು.

"ಬೆಲ್ಲದ ಪೆಂಟಿ ಚಲೋ ಬಂದೈತಿ. ಎರಡು ಇರುವಿ ಹಾಕ್ರಿ, ಮುಗೀತು."

ಅವಳು ಹೇಳಿದ್ದು ಸರಿಯಿತ್ತು. ಆಕಾರ ಗುಡ್ಡದ್ದೇ, ಬಣ್ಣವೂ ಗುಡ್ಡದ್ದೇ, ಆದರೂ ಅದು ಗುಡ್ಡವಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಜಕ್ಕಲಿಯಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತ್ತು. ನಮ್ಮ ಬಸ್ಸಿನ ಮುಂದೆ ಉಳ್ಳಾಗಡ್ಡಿ ಹೇರಿಕೊಂಡ ಟ್ರ್ಯಾಕ್ಟರೊಂದು ದಾರಿ ಬಿಡದೆ ಸಾಗಿತ್ತು. ಅದರ ಟ್ರೇಲರಿನ ಹಿಂಬಾಗಿಲ ತಗಡಿನ ಮೇಲೆ ಒಂದು ಚಿತ್ರ: ಹಿಮದ ಗುಡ್ಡ, ಕೆಂಪು ಹಂಚಿನ ಗುಡಿಸಲು, ಕೆರೆ, ಎರಡು ಹಂಸ, ಹಿಮದ ಬುಡಕ್ಕೇ ಒಂದು ತೆಂಗಿನ ಮರ. ನಗು ಬಂತು. ಸ್ವಲ್ಪ ಹೊತ್ತಿಗೆ ನಗು ನಿಂತಿತು, ಯಾಕೆಂದರೆ ಕೆರೆಯ ನೀರು ಅಲುಗುತ್ತಿತ್ತು. ರಸ್ತೆಯ ತಗ್ಗಿನಿಂದ ತಗಡು ಅಲುಗಿದ್ದು ಬೇರೆ, ನೀರು ಅಲುಗಿದ್ದು ಬೇರೆ.

ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ನಿಂತಾಗ ಇಳಿದು ಓಡಿದೆ. ಹತ್ತಿರ ಹೋದರೆ ನೀರೇ ಇಲ್ಲ. ನಾಲ್ಕು ಮೊಂಡು ಗೆರೆ, ಒಂದು ಬಿಳಿ ಚುಕ್ಕೆ, ಅಷ್ಟೇ. ಹಿಂದೆ ಸರಿದೆ, ನೀರು ಬಂತು. ಮುಂದೆ ಬಂದೆ, ತಗಡು. ನಾಲ್ಕೈದು ಸಲ ಹೀಗೆ ಮಾಡುವುದನ್ನು ನೋಡಿ ಡ್ರೈವರ್ ಕೆಳಗಿಳಿದ.

"ಏನ್ರೀ ಸರ, ನಂಬರ್ ಬರ್ಕೊಳ್ಳಾಕತ್ತೀರೇನು? ಲೈಸೆನ್ಸ್ ಐತ್ರಿ ನಮ್ಮ ಹತ್ರ."

"ಈ ಚಿತ್ರಾ ಯಾರು ಬರದಾರ?"

"ಇಷ್ಟ ಏನ್ರಿ? ಗಜೇಂದ್ರಗಡದ ಚಾಚಾ. ಗುಡ್ಡದ ಬುಡಕ ಟ್ರೇಲರ್ ಮಾಡೂ ವೆಲ್ಡಿಂಗ್ ಅಂಗಳಾ ಐತಿ, ಅಲ್ಲೇ ಇರ್ತಾರ. ಹೆದರಿಸಿಬಿಟ್ರಿ ನೀವು."

ಚಾಚಾ ಅರವತ್ತು ದಾಟಿದವರು. ಲುಂಗಿ, ತಲೆಗೆ ಬಿಳಿ ಟೊಪ್ಪಿಗೆ, ಕಿವಿಯ ಮೇಲೆ ಬ್ರಷ್ಷು. ಬೇವಿನ ಮರದ ನೆರಳಿನಲ್ಲಿ ಪುರ್ತಗೇರಿಯಿಂದ ಬಂದ ಟ್ರೇಲರೊಂದಕ್ಕೆ ಹಂಸ ಕೂಡಿಸುತ್ತಿದ್ದರು. ನಾನು ಕಲಿಸಿ ಎಂದೆ. ಅವರು ನನ್ನ ಬೆಲ್ಲದ ಪೆಂಟಿಯ ಫೋಟೋ ನೋಡಿ, "ಇದನ್ನ ಕುಂತು ಬರದೀರಿ" ಎಂದರು.

"ಹೌದ್ರಿ, ಟೇಬಲ್ ಮ್ಯಾಲೆ."

"ಅದಕ್ಕ. ಐದು ಸಲ ಬ್ರಷ್ ಆಡಸ್ರಿ, ಹದಿನೈದು ಹೆಜ್ಜಿ ಹಿಂದ ಹೋಗ್ರಿ, ನೋಡ್ರಿ, ಮತ್ತ ಬರ್ರಿ. ಕುಂತಾವ್ರ ಕೆಲಸಾ ಅಲ್ಲ ಇದು."

ನನ್ನಂಥ ಚಡಪಡಿಸುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಿಲ್ಲ. ವಾರಕ್ಕೆರಡು ಸಲ ಕಾಲೇಜು ಮುಗಿಸಿ ಗಜೇಂದ್ರಗಡಕ್ಕೆ ಹೋಗತೊಡಗಿದೆ. ಚಪ್ಪಟೆ ಬ್ರಷ್ಷಿನ ಒಂದು ಮೂಲೆಗೆ ಒಂದು ಬಣ್ಣ, ಇನ್ನೊಂದು ಮೂಲೆಗೆ ಇನ್ನೊಂದು ಬಣ್ಣ ಹಿಡಿಸಿ ಒಂದೇ ಎಳೆತಕ್ಕೆ ಎಳೆದರೆ ಬೆಳಕೂ ನೆರಳೂ ಒಟ್ಟಿಗೆ ಬೀಳುತ್ತವೆ ಎಂಬುದನ್ನು ಅಲ್ಲಿ ನೋಡಿದೆ. ದೂರದ ಗುಡ್ಡಕ್ಕೆ ಬಿಳಿ ಬೆರೆಸಬೇಕಾದಾಗ ಅವರು "ಹಾಲು ಹಾಕ್ರಿ" ಎನ್ನುತ್ತಿದ್ದರು. ಹೊಸ ಬ್ರಷ್ಷುಗಳನ್ನು ಅವರು ನಂಬುತ್ತಿರಲಿಲ್ಲ. ಕೂದಲು ಸವೆದು ಅರ್ಧವಾದ ಒಂದು ಬ್ರಷ್ಷಿತ್ತು, ಹುಲ್ಲಿಗೆ ಅದೇ ಬೇಕು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಇದೆಲ್ಲಾ ಮಾಲಕನ ಸಲುವಾಗಿ ಅಲ್ರಿ ಸರ" ಎಂದು ಒಮ್ಮೆ ಹೇಳಿದರು. "ಅಂವಾ ಮುಂದ ನೋಡ್ಕೋಂತ ಟ್ರ್ಯಾಕ್ಟರ್ ಹೊಡೀತಾನ. ಚಿತ್ರಾ ಹಿಂದ ಬರಾವ್ರದು. ನಿಮ್ಮಂಗ ಬಸ್ಸಿನ್ಯಾಗ ಕುಂತಾವ್ರದು."

ಮಹಾನವಮಿಗೆ ಇನ್ನೂ ಎರಡು ವಾರ ಇದ್ದಾಗ ಯಾವಗಲ್ಲಿನಿಂದ ಒಬ್ಬ ಹೆಣ್ಣುಮಗಳು ತನ್ನ ಹೊಸ ಟ್ರೇಲರ್ ನೋಡಲು ಬಂದಳು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ದನಿ. ಮನೆಯ ಒಕ್ಕಲುತನದ ಕಾರುಬಾರೆಲ್ಲ ಆಕೆಯದೇ ಎಂಬುದು ಆಕೆ ಟ್ರೇಲರಿನ ಗಾಲಿಗೆ ಒದ್ದು ನೋಡಿದ ರೀತಿಯಲ್ಲೇ ತಿಳಿಯಿತು. ಜತೆಗೆ ಆಕೆಯ ಮೈದುನ. ಅವನ ಬಗಲಲ್ಲಿ ಸುತ್ತಿದ ಒಂದು ದೊಡ್ಡ ಸ್ಟಿಕರ್.

"ಚಾಚಾ, ಹಂಸಾ ಬ್ಯಾಡ್ರಿ. ಬರ್ಫ್ ಬ್ಯಾಡ. ತೆಂಗಿನಗಿಡಾ ಬ್ಯಾಡ."

"ಮತ್ತೇನು ಹಾಕ್ಲೆವಾ?"

"ನಮ್ಮ ಹೊಲಾ ಹಾಕ್ರಿ. ಬಿತ್ತೂಕಿಂತ ಮದ್ಲ ಕುಂಟಿ ಹೊಡದು ಹರಗಿ ಬಿಟ್ಟಿರ್ತೀವಲ್ಲ, ಹಂಗ. ಬರೇ ನೆಲಾ."

ಮೈದುನ ತಲೆ ಚಚ್ಚಿಕೊಂಡ. "ವೈನಿ, ಖಾಲಿ ಹೊಲದಾಗ ನೋಡಾಕ ಏನೈತ್ರಿ? ಇಲ್ಲಿ ನೋಡ್ರಿ, ಹಂಸದ ಸ್ಟಿಕರ್ ತಂದೀನಿ, ಹತ್ತ ನಿಮಿಷದ ಕೆಲಸ. ಮಂದಿ ಹಿಂದಿಂದ ನಗ್ತಾರ."

"ನಗಾವ್ರು ಹಿಂದ ಇರ್ತಾರ ಬಿಡೋ. ನಾವು ಮುಂದ ಇರ್ತೀವಿ."

ಕೊನೆಗೆ ಅವರಿಬ್ಬರ ನಡುವೆ ಒಪ್ಪಂದವಾಯಿತು. ಖಂಡೇಪೂಜೆಯ, ಅಂದರೆ ಮಹಾನವಮಿಯ ಆಯುಧಪೂಜೆಯ, ಮುಂಜಾನೆ ಟ್ರೇಲರಿಗೆ ಕುಂಕುಮ ಹಚ್ಚುವ ಮೊದಲು ಆಕೆ ಚಿತ್ರ ನೋಡುವುದು. ತನ್ನ ಹೊಲವೆಂದು ಆಕೆಗೆ ಅನಿಸದಿದ್ದರೆ ಮೈದುನ ಅಲ್ಲೇ ಸ್ಟಿಕರ್ ಹಚ್ಚುವುದು.

ಎಷ್ಟೋ ವರ್ಷಗಳಿಂದ ಹಿಮ ಬರೆದಿದ್ದ ಚಾಚಾ ಎರಿ ನೆಲವನ್ನು ಒಮ್ಮೆಯೂ ಬರೆದಿರಲಿಲ್ಲ. ನಮ್ಮ ಕಡೆಯ ಯಾರೂ ಅದನ್ನು ಕೇಳಿರಲಿಲ್ಲ. ದಿನಾ ನೋಡುವ ಕಪ್ಪು ಮಣ್ಣನ್ನು ಯಾರಾದರೂ ಚಿತ್ರ ಬರೆಸಿ ಇಟ್ಟುಕೊಳ್ಳುತ್ತಾರೆಯೇ? ಅವರು ಕರಿ ಬಣ್ಣದ ಡಬ್ಬಿ ತೆರೆದು ತಗಡಿನ ಮುಕ್ಕಾಲು ಭಾಗ ತುಂಬಿಸಿದರು, ಮೇಲೆ ಬೂದುಬಣ್ಣದ ಸಾಲು ಎಳೆದರು. ವಾರದ ಮೇಲೆ ಆಕೆ ಬಂದು ನೋಡಿದಳು.

"ಚಾಚಾ, ಇದು ರೋಣಕ್ಕ ಹೋಗೂ ಡಾಂಬರ್ ರಸ್ತಾರಿ. ನಟ್ಟನಡುವ ಬಿಳಿ ಪಟ್ಟಿ ಎಳೆಯೋದಷ್ಟ ಉಳದೈತಿ."

ಎಲ್ಲರೂ ನಕ್ಕರು, ಚಾಚಾ ಕೂಡ. ಮೈದುನ ಸ್ಟಿಕರಿನ ಧೂಳು ಒರೆಸಿಕೊಂಡ. ಹೋಗುವಾಗ ಆಕೆ, "ಹೊಲಾ ನೋಡದ ಹೊಲಾ ಹ್ಯಾಂಗ ಬರೀತೀರಿ? ಬರ್ರಿ ಒಮ್ಮೆ" ಎಂದು ಹೇಳಿಹೋದಳು.

ಅವರು ಹೋದ ಮೇಲೆ ಚಾಚಾ ಕರಿ ಡಬ್ಬಿಯ ಮುಚ್ಚಳ ಬಡಿದು ಕೂಡಿಸಿದರು. ಆಮೇಲೆ ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ಸರ, ಒಂದು ಮಾತು. ಮನ್ಯಾಗ ಹೇಳಿಲ್ಲ. ಬ್ಯಾಸಗ್ಯಾಗ ಹುಬ್ಬಳ್ಳ್ಯಾಗ ಬಲಗಣ್ಣಿನ ಪೊರಿ ತಗಸೀನಲ್ಲ, ಅವತ್ತಿಂದ ಈ ಬಿಳಿ, ಬಲಗಣ್ಣಿಲೆ ನೋಡಿದ್ರ ನೀಲಿ ಹೊಡೀತೈತಿ. ಎಡಗಣ್ಣಿಲೆ ನೋಡಿದ್ರ ಚಹಾದಾಗ ಅದ್ದಿದಂಗ."

"ಅದು ಸಹಜ ಅಂತ ಹೇಳ್ತಾರಲ್ರಿ."

"ಇರ್ಲಿ. ಸಂಜೀಮುಂದ ಬಸ್ಸಿನ್ಯಾಗ ಬರೂವಾಗ ಎರಿ ಹೊಲಾ ನೋಡ್ತೀನಿ. ಎಡಗಣ್ಣು ಕರೀ ಅಂತೈತಿ. ಬಲಗಣ್ಣು ನೇರಳಿ ಅಂತೈತಿ. ಎಡಗಣ್ಣಿನ ಮಾತು ಕೇಳಿ ಬರದೆ, ಡಾಂಬರ್ ಆತು. ಬಲಗಣ್ಣು ಸುಳ್ಳು ಹೇಳಾಕತ್ತಿದ್ರ ನಾ ಬ್ರಷ್ ತೊಳದು ಇಟ್ಟಬಿಡಬೇಕು. ಹೊಸಾ ಕಣ್ಣೂ ಕೈ ಕೊಟ್ರ ಹಳೇದನ್ನ ನೆಚ್ಕೊಂಡು ಎಷ್ಟ ದಿನಾ ಬರೀಲಿ?"

ಅವರು ನಗುತ್ತಲೇ ಹೇಳಿದರು. ಆದರೆ ಮುಚ್ಚಳವನ್ನು ಕೆಳಗಿಡಲಿಲ್ಲ.

"ನೀವು ಓದಿದಾವ್ರು. ಬಂದು ನೋಡ್ರಿ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ."

ಒಬ್ಬನ ಮಾತಿಗೆ ಬೆಲೆಯಿಲ್ಲ, ಏನು ನೋಡಬೇಕೆಂದು ಮೊದಲೇ ಹೇಳದೆ ಹತ್ತು ಜನರನ್ನು ಕರೆದೊಯ್ದು ಕೇಳಬೇಕು ಎಂದು ನಾನು ಪಾಠ ಶುರುಮಾಡಿದೆ.

"ಹತ್ತು ಮಂದೀನ ನಿಮ್ಮ ಸ್ಕೂಟರ್ ಮ್ಯಾಲೆ ಹ್ಯಾಂಗ ಒಯ್ಯೋದ್ರಿ?" ಎಂದರು ಚಾಚಾ.

ಹಬ್ಬಕ್ಕೆ ನಾಲ್ಕು ದಿನ ಉಳಿದಿದ್ದಾಗ ಇಬ್ಬರೇ ಹೋದೆವು. ಚಾಚಾನ ತೊಡೆಯ ಮೇಲೆ ಬಣ್ಣದ ಡಬ್ಬಿಗಳ ಚೀಲ, ಜೇಬಿನಲ್ಲಿ ಹಳೆಯ ಲಗ್ನಪತ್ರಿಕೆಗಳು. ಬಣ್ಣ ಬೆರೆಸಿ ನೋಡಲು ಅವರು ಬಳಸುತ್ತಿದ್ದದ್ದು ಆ ಪತ್ರಿಕೆಗಳ ಹಿಂಬದಿಯನ್ನೇ. ಹೊಲದಲ್ಲಿ ಆಕೆ ಮೊದಲು ಬುತ್ತಿ ಬಿಚ್ಚಿದಳು. "ಬಣ್ಣಾ ಎಲ್ಲೂ ಓಡಿ ಹೋಗೂದಿಲ್ಲ, ಉಣ್ರಿ." ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇದು ನನಗೆ ಚೆನ್ನಾಗಿ ನೆನಪಿದೆ. ಊಟದ ವಿಷಯದಲ್ಲಿ ನನ್ನ ನೆನಪು ಯಾವತ್ತೂ ಕೈಕೊಟ್ಟಿಲ್ಲ.

ಬದುವಿನ ಮೇಲೆ ನಿಂತೆವು. ಹೊಲ ಪಡುವಣಕ್ಕೆ ಚಾಪೆ ಹಾಸಿದಂತೆ ಹೋಗಿತ್ತು. ತುದಿಯಲ್ಲಿ ನರಗುಂದದ ಗುಡ್ಡ, ಹೆಬ್ಬೆರಳಿನಷ್ಟು. ಚಾಚಾ ಕೆಂಪು, ನೀಲಿ, ಒಂದು ಹನಿ ಬಿಳಿ ಬೆರೆಸಿ, ಪತ್ರಿಕೆಯ ಅಂಚಿಗೆ ಬಣ್ಣ ಬಳಿದು, ತೋಳು ಚಾಚಿ ಹೊಲದ ಎದುರು ಹಿಡಿದರು. ತಲೆ ಅಲ್ಲಾಡಿಸಿ ಎಸೆದರು. ಇನ್ನೊಂದು. ಅದನ್ನೂ ಎಸೆದರು. ಮೂರನೆಯದನ್ನು ಹಿಡಿದು ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು. ಮತ್ತೆ ಎರಡು ಕಣ್ಣುಗಳ ಜಗಳ ಶುರುವಾಯಿತು ಎಂದುಕೊಂಡೆ.

"ಈಗ ಹೇಳ್ರಿ ಸರ. ನೆಲಾ ನೇರಳಿ ಐತೋ ಇಲ್ಲೋ?"

ಬಿಸಿಲು ನೇರ ನನ್ನ ಕಣ್ಣಿಗೆ ಬೀಳುತ್ತಿತ್ತು. ಸೊಳ್ಳೆ ಕಚ್ಚುತ್ತಿದ್ದವು. ಅವರು ಹೊಲ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದು ಚಾಚಾ, ಕಾಣತೈತಿ. ನೇರಳೀನ" ಎಂದೆ. ಅವರು ಆ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. ರೂಢಿಯಂತೆ ಮೂಲೆಯಲ್ಲಿ ತಾರೀಖು, ವೇಳೆ ಬರೆದುಕೊಂಡೆ: ಐದೂ ಐವತ್ತು. ಅದೇ ಬಣ್ಣವನ್ನು ಅವರು ಒಂದು ಸಣ್ಣ ಡಬ್ಬಿಯ ತುಂಬ ಬೆರೆಸಿಕೊಂಡರು.

ಮರುದಿನ ಚಾಚಾ ತಗಡನ್ನು ಉಜ್ಜಿ ಡಾಂಬರನ್ನೆಲ್ಲ ತೆಗೆದರು. ಮೊದಲ ಲೇಪವಾಗಿ ಕೆಂಪು ಅಸ್ತರು ಬಳಿದರು. ಆಮೇಲೆ ಚಪ್ಪಟೆ ಬ್ರಷ್ಷಿನ ಒಂದು ಮೂಲೆಗೆ ಆ ನೇರಳೆ, ಇನ್ನೊಂದಕ್ಕೆ ಮಣ್ಣುಗೆಂಪು. ಕೆಳಗಿನಿಂದ ಮೇಲಕ್ಕೆ ಒಂದು ಸಾಲು, ಒಂದೇ ಉಸಿರಿನಲ್ಲಿ. ಮೇಲೆ ಹೋದಂತೆ ಬ್ರಷ್ಷು ಓರೆಯಾಗಿ ಸಾಲು ಸಣ್ಣದಾಗುತ್ತಿತ್ತು. ಎರಡು ಸಾಲುಗಳ ನಡುವೆ ಅಸ್ತರಿನ ಕೆಂಪು ಇಣುಕುವಷ್ಟು ಜಾಗ ಬಿಟ್ಟರು. ದೂರದ ಸಾಲುಗಳಿಗೆ ಹಾಲು ಹಾಕಿದರು. ಗುಡ್ಡಕ್ಕೆ ಒಂದೇ ಒತ್ತು, ಕೂಡಲೇ ಅರಿವೆಯಿಂದ ಅರ್ಧ ಒರೆಸಿಬಿಟ್ಟರು. ನಾನು ಹಿಂದೆ ಮುಂದೆ ಓಡಾಡುತ್ತ, "ಚಲೋ ಆಗಾಕತ್ತೈತ್ರಿ" ಎನ್ನುತ್ತ, ನಡುನಡುವೆ ಡಬ್ಬಿ ಎಡವುತ್ತ ಸಹಾಯ ಮಾಡಿದೆ.

ಎಲ್ಲ ಮುಗಿದ ಮೇಲೆ, ಈ ಹೊಸ ಚಿತ್ರಕ್ಕೆ ಮೊದಲ ಸಲ, ಕರಿ ಡಬ್ಬಿ ತೆರೆದರು. ಕೆಳಗಿನ ಮೂಲೆಗೆ ಹುಣಸೆಬೀಜದಷ್ಟು ಒಂದು ಬೊಟ್ಟು ಇಟ್ಟರು. ದೃಷ್ಟಿ ಆಗಬಾರದೆಂದು ಪ್ರತಿ ಟ್ರೇಲರಿಗೂ ಅವರು ಇಡುವ ಬೊಟ್ಟು ಅದು. ಹಿಮದ ಚಿತ್ರಗಳಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಇಲ್ಲಿ ಅದನ್ನು ಇಟ್ಟ ಕೂಡಲೇ ಪಕ್ಕದ ನೆಲವೆಲ್ಲ ಬಣ್ಣ ಏರಿದಂತೆ ಕಂಡಿತು. ಇಡೀ ಕಪ್ಪು ಹೊಲದಲ್ಲಿ ಕಪ್ಪೆಂದರೆ ಅದೊಂದೇ.

ಖಂಡೇಪೂಜೆಯ ಮುಂಜಾನೆ ಆಕೆ ಬಂದಳು, ಹಿಂದೆ ಸ್ಟಿಕರ್ ಹಿಡಿದ ಮೈದುನ. ಆಕೆ ನೇರ ತಗಡಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಏನ್ರಿ ಚಾಚಾ, ಬಣ್ಣಾ ಚೆಲ್ಲೀರೇನು?"

"ಹಿಂದ ಸರಿಯವಾ."

ಆಕೆ ನಾಲ್ಕು ಹೆಜ್ಜೆ ಸರಿದಳು.

"ಇನ್ನೂ. ಇನ್ನೂ. ಅಲ್ಲಿ ಚಹಾದಂಗಡಿ ತನಕಾ ಹೋಗು."

ಚಹಾದಂಗಡಿಯ ಮುಂದೆ ಆಕೆ ತಿರುಗಿ ನಿಂತಳು. ಚಾಚಾ ಬ್ರಷ್ಷನ್ನು ಕಿವಿಯಿಂದ ತೆಗೆದರು, ಮತ್ತೆ ಕಿವಿಗಿಟ್ಟರು. ಮೈದುನ ಸ್ಟಿಕರಿನ ರಬ್ಬರ್ ಬಿಚ್ಚಿದ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಆ ಬದುವಿನ ಕಡೀಕ ಯಾರು ಹರಗ್ಯಾರ?"

ಆಕೆ ಮೈದುನನ ಕಡೆ ತಿರುಗಿದಳು.

"ನೀನಲ್ಲೇನೋ ತಮ್ಮಾ? ನೋಡಲ್ಲಿ, ಸಾಲು ಹ್ಯಾಂಗ ಡೊಂಕ ಹೋಗ್ಯಾವ! ಮೊಬೈಲ್‌ನ್ಯಾಗ ಮಾತಾಡಕೋಂತ ಹರಗಬ್ಯಾಡ ಅಂತ ಎಷ್ಟ ಸಲ ಹೇಳೀನಿ? ಚಾಚಾನ ಕಣ್ಣಿಗೂ ಕಂಡೈತಿ!"

"ವೈನಿ, ಅದು ಚಿತ್ರಾರಿ…"

"ಚಿತ್ರಾನೋ ಹೊಲಾನೋ, ಹರಗಿದಾಂವ ನೀನ ಹೌದಲ್ಲೋ?"

ಅವನು ತಲೆ ತಗ್ಗಿಸಿದ. ಆಕೆ ಬಂದು ಹಿಂದಿನ ಗಾಲಿಗೆ ನಿಂಬೆಹಣ್ಣು ಇಟ್ಟು, ತಗಡಿನ ಮೂಲೆಗೆ, ಚಾಚಾನ ಕರಿಬೊಟ್ಟಿನ ಪಕ್ಕ, ಕುಂಕುಮ ಹಚ್ಚಿದಳು. ಸ್ಟಿಕರಿನ ಹಂಸಗಳು ಈಗ ಅವರ ಹೊಲದ ನೀರಿನ ಟಾಕಿಯ ಮೇಲಿವೆ. ಅವುಗಳಿಗೂ ಅದೇ ಅನುಕೂಲ.

ಟ್ರೇಲರ್ ಹೋದ ಮೇಲೆ ನಾನು, "ಚಾಚಾ, ಆ ಡೊಂಕು ಸಾಲು ಹೊಲದಾಗ ನಾ ನೋಡಲೇ ಇಲ್ಲಲ್ರಿ" ಎಂದೆ.

"ನಾನೂ ನೋಡಿಲ್ರಿ. ಆ ಸಾಲು ಎಳಿಯೂವಾಗ ನಂಗ ಸೀನು ಬಂತು, ಕೈ ಅಳ್ಳಾಡ್ತು."

ನಾನು ನಕ್ಕು ನಕ್ಕು ಬೇವಿನ ಮರ ಹಿಡಿದುಕೊಂಡೆ. ಆದರೆ ಮನೆಗೆ ಬಂದ ಮೇಲೆ ತಲೆ ಕೊರೆಯತೊಡಗಿತು. ಆಕೆ ಒಪ್ಪಿದ್ದು ಒಂದು ಸೀನನ್ನು. ಚಾಚಾ ಒಪ್ಪಿದ್ದು ನನ್ನ ಮಾತನ್ನು. ನಾನು ಆ ಸಂಜೆ ನಿಜವಾಗಿ ಬಣ್ಣ ನೋಡಿದೆನೋ, ಎದುರಿಗಿದ್ದ ಮುಖ ನೋಡಿ ಹೌದೆಂದೆನೋ? ನೆನಪಿಸಿಕೊಂಡಷ್ಟೂ ನೆಲ ಹೆಚ್ಚು ಹೆಚ್ಚು ನೇರಳೆಯಾಗುತ್ತಿತ್ತು. ಅದೇ ಅಪಾಯದ ಲಕ್ಷಣ. ಫೋಟೋ ತೆಗೆದಿದ್ದೆ, ಆದರೆ ಮೊಬೈಲು ತನಗೆ ತೋಚಿದ ಬಣ್ಣ ಹಾಕುತ್ತದೆ, ಅದರ ಸಾಕ್ಷಿ ನಡೆಯುವುದಿಲ್ಲ.

ಚಳಿಗಾಲದಲ್ಲಿ ಚಾಚಾ ಎಡಗಣ್ಣಿನ ಪೊರೆಯನ್ನೂ ತೆಗೆಸಿದರು. "ಈಗ ಎರಡೂ ಒಂದ ಮಾತು ಹೇಳತಾವ್ರಿ" ಎಂದು ಖುಷಿಯಲ್ಲಿದ್ದರು. ಯಾವಗಲ್ಲಿನ ಟ್ರೇಲರ್ ನೋಡಿ ಇನ್ನೂ ಇಬ್ಬರು ತಮ್ಮ ತಮ್ಮ ಹೊಲ ಬರೆಸಲು ಬಂದಿದ್ದರು. ಒಬ್ಬನಿಗೆ ಕಡಲೆ, ಇನ್ನೊಬ್ಬನಿಗೆ ಕುಸುಬೆ. ತಡೆಯಲಾರದೆ ನಾನು ತಪ್ಪೊಪ್ಪಿಕೊಂಡೆ.

"ಚಾಚಾ, ಅವತ್ತು ನಾ ನೋಡಿ ಹೇಳಿದೆನೋ, ಸುಮ್ಮನ ಹೇಳಿದೆನೋ ನಂಗ ಗೊತ್ತಿಲ್ರಿ."

ಅವರು ಕುಸುಬೆ ಹೂವಿಗೆ ಹಳದಿ ಚುಕ್ಕೆ ಇಡುತ್ತಲೇ ಇದ್ದರು. "ನಂಗ ಗೊತ್ತೈತಿ. ಹೌದು ಅನ್ನೂವಾಗ ನೀವು ಚಶ್ಮಾ ಕೈಯಾಗ ಹಿಡಕೊಂಡು ಒರಸಾಕತ್ತಿದ್ರಿ."

ಚಶ್ಮಾ ತೆಗೆದದ್ದು ನನಗೆ ಇಷ್ಟೂ ನೆನಪಿಲ್ಲ.

"ಮತ್ತ ನನ್ನ ಮಾತು ಹ್ಯಾಂಗ ನಂಬಿದ್ರಿ?"

"ನಿಮ್ಮನ್ಯಾಕ ನಂಬಲಿ? ಪತ್ರಿಕೀನ ನಂಬಿದೆ. ಎಡಗಣ್ಣಿಲೆ ನೋಡಿದೆ, ಅಂಚು ಕಾಣಲಿಲ್ಲ. ಬಲಗಣ್ಣಿಲೆ ನೋಡಿದೆ, ಕಾಣಲಿಲ್ಲ. ಬಣ್ಣಾ ನೆಲದಾಗ ಮುಣುಗಿಬಿಟ್ಟಿತ್ತು."

ನನಗೆ ನಾಚಿಕೆಯಾಯಿತು. ಕಣ್ಣು ನೀಲಿ ಕೂಡಿಸುವುದಿದ್ದರೆ ನೆಲಕ್ಕೂ ಕೂಡಿಸುತ್ತದೆ, ಪತ್ರಿಕೆಯ ಬಣ್ಣಕ್ಕೂ ಕೂಡಿಸುತ್ತದೆ. ಎರಡನ್ನೂ ಒತ್ತಟ್ಟಿಗೆ ಹಿಡಿದರೆ ಕಣ್ಣಿನ ದೋಷ ತಾನಾಗಿ ಕಳೆದುಹೋಗುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಬೇರೆ ಮಾತುಗಳಲ್ಲಿ ಒಂದು ತಿಂಗಳು ಕಲಿಸುತ್ತೇನೆ. ಅವರು ಬದುವಿನ ಮೇಲೆ ಎರಡು ರೆಪ್ಪೆ ಬಡಿಯುವುದರೊಳಗೆ ಮುಗಿಸಿದ್ದರು.

"ಹಂಗಾದ್ರ ನನ್ನ ಯಾಕ ಕರಕೊಂಡು ಹೋದ್ರಿ?"

"ಸ್ಕೂಟರ್ ನಿಮ್ಮದ ಇತ್ತಲ್ರಿ."

ಆಮೇಲೆ ಕುಂಚ ನಿಲ್ಲಿಸಿ, ಸ್ವಲ್ಪ ಮೆತ್ತಗೆ, "ಒಬ್ಬನ ಹೋಗಾಕ ಹೆದರಿಕಿ ಬಂದಿತ್ತು" ಎಂದರು. "ಪತ್ರಿಕಿ ಎಲ್ಲೈತಿ? ಇಟ್ಟೀರೋ ಒಗದೀರೋ?"

ಇಟ್ಟಿದ್ದೆ. ಸಂಖ್ಯಾಶಾಸ್ತ್ರದ ಕೋಷ್ಟಕಗಳ ಪುಸ್ತಕದೊಳಗೆ ಭದ್ರವಾಗಿತ್ತು. ಮರುವರ್ಷ ಹಬ್ಬ ಬೇರೆ ವಾರಕ್ಕೆ ಬಿದ್ದಿದ್ದರಿಂದ ನಾನು ಹಬ್ಬವನ್ನು ಹಿಡಿಯದೆ ಪತ್ರಿಕೆಯ ಮೂಲೆಯ ತಾರೀಖನ್ನೇ ಹಿಡಿದು ಯಾವಗಲ್ಲಿಗೆ ಹೋದೆ. ಆಕೆ ಮೊದಲು ರೊಟ್ಟಿ ತಿನ್ನಿಸಿದಳು. ಮೈದುನ ಹರಗಿದ ಸಾಲುಗಳು ಈ ಸಲ ದಾರ ಹಿಡಿದಷ್ಟು ನೆಟ್ಟಗಿದ್ದವು. ಅದೇ ಬದು, ಅದೇ ಗುಡ್ಡ. ಆಕಾಶದಲ್ಲಿ ಮೋಡವಿರಲಿಲ್ಲ, ಇದನ್ನು ಅಲ್ಲೇ ಬರೆದುಕೊಂಡಿದ್ದೇನೆ. ಚಶ್ಮಾವನ್ನು ಮೊದಲೇ ಒರೆಸಿ ಹಾಕಿಕೊಂಡೆ. ಐದೂ ಮೂವತ್ತರಿಂದ ತೋಳು ಚಾಚಿ ಪತ್ರಿಕೆ ಹಿಡಿದು ನಿಂತೆ. ಮೊದಮೊದಲು ಪತ್ರಿಕೆಯ ಬಣ್ಣ ನೆಲಕ್ಕಿಂತ ಗಾಢವಾಗಿ, ಅಂಚು ಕತ್ತರಿಸಿಟ್ಟಂತೆ ಕಾಣುತ್ತಿತ್ತು. ಐದೂ ನಲವತ್ತೆಂಟಕ್ಕೆ ಅಂಚು ಮಾಯವಾಯಿತು. ಐದೂ ಐವತ್ನಾಲ್ಕರವರೆಗೆ, ಎಡಗಣ್ಣು ಮುಚ್ಚಿದರೂ ಬಲಗಣ್ಣು ಮುಚ್ಚಿದರೂ, ಲಗ್ನಪತ್ರಿಕೆಯ ನೇರಳೆ ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣಲಿಲ್ಲ.